ಜಗಳಕ್ಕೆ ಒಂದೇ ತಟ್ಟೆ

ಹೊಲಿಗೆ ಕೋಣೆಯಿಂದ
ಭಾನುವಾರ ಬೆಳಿಗ್ಗೆ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಬೆನ್ನುನೋವು ಇಳಿಯಿತೇ? ದಿನವಿಡೀ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು ಮನೆಗೆ ಬಂದ ಮೇಲಾದರೂ ಕಾಲು ಚಾಚಿ ಕೂರಬೇಕು, ಆದರೆ ನೀನು ನನ್ನ ಮಗಳು, ಕೂರುವವಳಲ್ಲ. ಅಳಿಯಂದಿರ ಕೆಮ್ಮು ಹೇಗಿದೆ? ಪುಟ್ಟಿಯ ಮುಂದಿನ ಹಲ್ಲು ಬಿದ್ದಾಗಿನಿಂದ ಫೋನಿನಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚು ಕೇಳಿಸುತ್ತದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಮಂಡಿ ಹಿಡಿದುಕೊಂಡಿದೆ, ಬಾಯಿ ಮಾತ್ರ ಎಂದಿನಂತೆ ಸಲೀಸಾಗಿ ಓಡಾಡಿಕೊಂಡಿದೆ. ಫೋನು ಇರುವಾಗ ಇದೇನು ಪತ್ರ ಎಂದು ನೀನು ನಗಬಹುದು. ಫೋನು ಮಾಡಿದಾಗಲೆಲ್ಲ ಪುಟ್ಟಿಯೇ ಎತ್ತುತ್ತಾಳೆ, ಅವಳ ಕಥೆ ಮುಗಿದು ನೀನು ಬರುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ಎದುರುಮನೆಯ ವ್ಯಾನ್ ಡ್ರೈವರ್ ಇವತ್ತು ನಿಮ್ಮ ಕಡೆಗೇ ಹೊರಟಿದ್ದಾನೆ. ಸಂಜೆಯೊಳಗೆ ಇದನ್ನು ನಿನ್ನ ಕೈಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ.

ಬಡಕನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ಮೂಳೆ ಎಣಿಸುವಂತಿದ್ದ ಆ ಬೀದಿಬೆಕ್ಕು ನಮ್ಮ ಮೆಟ್ಟಿಲ ಮೇಲೆ ಬಂದು ಕೂತಾಗ ಒಳಗೆ ಆಗಲೇ ಮೂರಿದ್ದವು. ದೊರೆ ಬೆನ್ನು ಗೂನು ಮಾಡಿಕೊಂಡು ಬುಸುಗುಟ್ಟಿದ. ಗಲಾಟೆ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಳು. ನಮ್ಮ ಹತ್ತಿ, ಪಾಪ, ಯಾರೋ ಹೊಲಿಯಲು ಕೊಟ್ಟಿದ್ದ ಪರದೆ ಬಟ್ಟೆಯೊಳಗೆ ನುಗ್ಗಿ ಇಡೀ ದಿನ ಹೊರಗೆ ಬರಲಿಲ್ಲ. ಒಂದು ವಾರ ನೋಡಿದೆ, ಸಾಕಾಯಿತು. ನನಗೆ ಗೊತ್ತಿರುವ ಔಷಧ ಒಂದೇ. ಸೈಕಲ್ಲಿಗಾಗಿ ನೀನೂ ನಿನ್ನ ತಮ್ಮನೂ ಕೂದಲು ಹಿಡಿದು ಎಳೆದಾಡಿದ ದಿನ ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿದ್ದು ನೆನಪಿದೆಯಾ? ನೀನು ಅನ್ನದ ನಡುವೆ ಬೆರಳಿನಿಂದ ಗಡಿ ಎಳೆದೆ. ಊಟ ಮುಗಿಯುವಷ್ಟರಲ್ಲಿ ಆ ಗಡಿಯನ್ನು ಇಬ್ಬರೂ ಸೇರಿ ತಿಂದು ಹಾಕಿದ್ದಿರಿ. ಈ ಮನೆಯಲ್ಲಿ ಜಗಳ ಮುಗಿಯುವುದು ಹಾಗೆಯೇ. ಬೆಕ್ಕುಗಳಿಗೂ ಅದನ್ನೇ ಮಾಡಿದೆ. ದೊಡ್ಡ ಅಗಲ ತಟ್ಟೆ ಇಟ್ಟು ಎಲ್ಲರಿಗೂ ಅದರಲ್ಲೇ ಬಡಿಸಿದೆ. ಮೊದಲು ಗುರುಗುಟ್ಟಿದವು, ಆಮೇಲೆ ತಿಂದವು, ಆಮೇಲೆ ಒಂದರ ಕಿವಿ ಇನ್ನೊಂದು ನೆಕ್ಕಿತು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ, ನನ್ನ ಜಂಬ ಕೇಳಬೇಡ.

ನೀವೆಲ್ಲ ರಜೆಗೆ ಬಂದದ್ದು ಆಗಲೇ. ಪುಟ್ಟಿ ಹೋಗುವಾಗ ಹತ್ತಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಬಿಡುವುದೇ ಇಲ್ಲವೆಂದು ಹಟ ಹಿಡಿದಳಲ್ಲ. ಕಳಿಸಿಕೊಟ್ಟೆ. ಹತ್ತಿಯ ಮಾತು ಆಮೇಲೆ ಬರೆಯುತ್ತೇನೆ.

ನೀವು ಹೋದ ಮೇಲೆ ಬಡಕ ಊಟ ಬಿಟ್ಟ. ಮೈ ಸುಡುತ್ತಿತ್ತು, ಒಸಡು ತೊಳೆದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು. ಪ್ರಾಣಿ ಡಾಕ್ಟರಮ್ಮ ರಕ್ತ ತೆಗೆದುಕೊಂಡರು. ಕಾಯುತ್ತಾ ಕೂತಾಗ ನಾನು ಸುಮ್ಮನಿರದೆ ಆ ಒಂದು ತಟ್ಟೆಯ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದೆ. ಅವರು ನಗಲಿಲ್ಲ. "ಎಲ್ಲಾ ಒಂದೇ ತಟ್ಟೇಲಿ ತಿಂತಿದ್ವಾ ಅಮ್ಮಾ?" ಎಂದು ಮತ್ತೊಮ್ಮೆ ಕೇಳಿದರು. ಬಡಕನಿಗೆ ಬೆಕ್ಕುಗಳ ಲ್ಯುಕೇಮಿಯಾ ವೈರಸ್ ಇದೆಯಂತೆ. ಮನುಷ್ಯರಿಗೆ ಬರುವುದಿಲ್ಲ, ಬೆಕ್ಕಿನಿಂದ ಬೆಕ್ಕಿಗೆ ಬರುತ್ತದೆ, ಮುಖ್ಯವಾಗಿ ಎಂಜಲಿನಿಂದ. ಒಂದೇ ತಟ್ಟೆ, ಒಂದೇ ನೀರು, ಒಬ್ಬರನ್ನೊಬ್ಬರು ನೆಕ್ಕುವುದು. ಅವರು ಒಂದೊಂದೇ ಹೇಳುತ್ತಿದ್ದರೆ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀದಿಯಲ್ಲೇ ಇದ್ದಿದ್ದರೆ ಅದು ತನ್ನ ಪಾಡಿಗೆ ತಾನಿರುತ್ತಿತ್ತು. ಕರೆದು, ಕೂರಿಸಿ, ಬಡಿಸಿದವಳು ನಾನು.

ದೊರೆಗೂ ಗಲಾಟೆಗೂ ಪರೀಕ್ಷೆ ಆಯಿತು. ಸದ್ಯಕ್ಕೆ ಏನೂ ಇಲ್ಲ, ಆದರೆ ಈ ರೋಗ ಬೇಗ ಮುಖ ತೋರಿಸುವುದಿಲ್ಲವಂತೆ, ಎರಡು ತಿಂಗಳು ಬಿಟ್ಟು ಮತ್ತೆ ನೋಡಬೇಕಂತೆ. ಬಡಕ ಈಗ ನಿನ್ನ ಹಳೆಯ ಕೋಣೆಯಲ್ಲಿದ್ದಾನೆ. ಮೊದಲು ಇವರಿಬ್ಬರಿಗೆ ಬಡಿಸಿ, ಕೊನೆಗೆ ಅವನ ಹತ್ತಿರ ಹೋಗಬೇಕು, ಬಂದು ಸೋಪು ಹಾಕಿ ಕೈ ತೊಳೆಯಬೇಕು. ಒಳಗೆ ಹೋಗುವಾಗ ಹಾಕಿಕೊಳ್ಳಲು ಒಂದು ಉದ್ದ ನಿಲುವಂಗಿ ಹೊಲಿದಿದ್ದೇನೆ, ಅದು ಅಲ್ಲೇ ಗೂಟಕ್ಕೆ ನೇತಾಡುತ್ತದೆ. ಮೊದಲ ದಿನ "ಎಲ್ಲಾದ್ರೂ ಬಿಟ್ಟು ಬಾ, ಎರಡು ಜೀವಕ್ಕಿಂತ ಒಂದು ದೊಡ್ಡದಾ?" ಎಂದು ಕೂಗಾಡಿದ ನಿಮ್ಮಪ್ಪ, ಈಗ ಅದೇ ನಿಲುವಂಗಿ ತೊಟ್ಟು, ಕ್ಷೌರಕ್ಕೆ ಕೂತವರ ಹಾಗೆ ಕಾಣಿಸುತ್ತಾ, ಅವನಿಗೆ ಪೇಪರ್ ಓದಿ ಹೇಳುತ್ತಾರೆ. ನಾನು ಬಾಗಿಲಲ್ಲಿ ನಿಂತರೆ ಮಾತ್ರ ಗಂಭೀರವಾಗಿ ಕೆಮ್ಮುತ್ತಾರೆ. ಬಡಕ ಈಗ ತಿನ್ನುತ್ತಿದ್ದಾನೆ. ಜೋಪಾನವಾಗಿ ನೋಡಿಕೊಂಡರೆ ಕೆಲವು ವರ್ಷ ಬಾಳಬಹುದಂತೆ.

ಸಂಕಟ ಇರುವುದು ಬಾಗಿಲಲ್ಲಿ. ಬಡಕ ಒಳಗಿನಿಂದ ಕೂಗುತ್ತಾನೆ. ದೊರೆ, ಅದೇ ಬುಸುಗುಟ್ಟುತ್ತಿದ್ದ ದೊರೆ, ಹೊರಗೆ ಕೂತು ನನ್ನ ಮುಖ ನೋಡುತ್ತಾನೆ. ಸ್ನೇಹ ಮಾಡಿಸಿದವಳೂ ನಾನೇ, ಚಿಲಕ ಹಾಕಿದವಳೂ ನಾನೇ. ಅವನಿಗೆ ಏನಂತ ಹೇಳಲಿ? ಮಷೀನು ತುಳಿಯುತ್ತಾ ಕೂತರೆ ಹೊಲಿಗೆ ಎತ್ತಲೋ ಹೋಗುತ್ತದೆ, ಬಿಚ್ಚುತ್ತೇನೆ, ಮತ್ತೆ ಹೊಲಿಯುತ್ತೇನೆ. ನೀನು ಬೈದರೆ ಸ್ವಲ್ಪ ಹಗುರವಾಗುತ್ತದೇನೋ. ನಿನ್ನ ತಮ್ಮನಿಗೆ ಹೇಳಿದರೆ "ಬೆಕ್ಕಲ್ವಾ, ಬಿಡಮ್ಮ" ಎಂದ. ಅವನ ಸಮಾಧಾನ ನನಗೆ ತಾಗಲಿಲ್ಲ.

ಪುಟ ತುಂಬಿತು. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ಅಳಿಯಂದಿರಿಗೆ ನಮ್ಮ ನೆನಪು ಹೇಳು. ನನ್ನ ಪುಟ್ಟಿಯ ಬೋಳು ಒಸಡಿಗೆ ಒಂದು ಮುತ್ತು. ನಿಮ್ಮ ಮೂವರ ಮನೆ ತಣ್ಣಗಿರಲಿ.

ನಿನ್ನ
ಅಮ್ಮ

ಮರೆತದ್ದು: ಮರೆತಿಲ್ಲ, ಬರೆಯಲಾಗದೆ ಇಷ್ಟು ದೂರ ಬಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಪತ್ರ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಹತ್ತಿಯೂ ಅದೇ ತಟ್ಟೆಯಲ್ಲಿ ತಿಂದವಳು. ಇದನ್ನು ಓದಿದ ಕೂಡಲೇ ಅವಳನ್ನು ಬೇರೆ ಕೋಣೆಯಲ್ಲಿಡು, ನಾಳೆಯೇ ಅವಳಿಗೂ ನಿನ್ನ ಮುದಿ ಬೆಕ್ಕಿಗೂ ಪರೀಕ್ಷೆ ಮಾಡಿಸು. ಹದಿನಾಲ್ಕು ವರ್ಷದಿಂದ ನೀನು ಮಗುವಿನ ಹಾಗೆ ಸಾಕಿದ್ದು ಅದು, ನನಗೆ ಗೊತ್ತು. ನಿಮ್ಮನೆಯಲ್ಲಿ ಅವೆರಡೂ ಕಿತ್ತಾಡುತ್ತವೆ ಎಂದು ಪುಟ್ಟಿ ಅತ್ತಾಗ, ಬಡಕನ ಪರೀಕ್ಷೆಗೆ ಮೊದಲು, ಉಪಾಯ ಹೇಳಿಕೊಟ್ಟವಳು ನಾನೇ. ಮೊನ್ನೆ ಫೋನೆತ್ತಿ, "ಅಜ್ಜೀ, ಈಗ ಇಬ್ರೂ ಒಂದೇ ತಟ್ಟೇಲಿ ತಿಂತಾರೆ, ನಾನೇ ಕಲಿಸಿದ್ದು!" ಎಂದಳು. ನಾನು "ಜಾಣೆ ಕಣೇ" ಎಂದುಬಿಟ್ಟೆ. ತಟ್ಟೆ ತೆಗೆಯುವಾಗ ಅವಳನ್ನು ಬೈಯಬೇಡ. ಅಜ್ಜಿಯೇ ತಪ್ಪು ಹೇಳಿಕೊಟ್ಟಳು ಎಂದು ನನ್ನ ಮೇಲೆ ಹಾಕು. ಆಮೇಲೆ ಫೋನನ್ನು ಅವಳ ಕೈಗೇ ಕೊಡು, ಏನು ಕೇಳಿದರೂ ಉತ್ತರ ಹೇಳುತ್ತೇನೆ.