ಮೂಲೆಯಲ್ಲಿಟ್ಟ ಹನ್ನೆರಡು ಗೇರು

ಮಾರ್ಚ್ 4, ಬೆಳಿಗ್ಗೆ 10

ಫರ್ನೇಸ್ ಹಚ್ಚಿದೆ. ಟೀ ಎಂದಿನಂತೆ ಆರಿಹೋಯಿತು. ಷಡ್ಡಕ ಬಂದ — ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಮಹಾನುಭಾವ. ಹನ್ನೆರಡು ಗೇರು ತಂದಿದ್ದ, ಉಕ್ಕಿನ ಹಲ್ಲುಚಕ್ರ. ಬಿಸ್ಕತ್ತು ಫ್ಯಾಕ್ಟರಿಯ ಮೆಷಿನ್ನಿಗೆ ಬೇಕಾದ ಆರ್ಡರು. ಲೇತಿನಲ್ಲಿ ಕಡೆದು ಕೊಡುವುದು ಅವನ ಕೆಲಸ, ಕಾಯಿಸಿ ಗಟ್ಟಿ ಮಾಡುವುದು ನನ್ನದು.

"ಭಾವ, ಹದಿನೈದಕ್ಕೆ ಕೊಡ್ಲೇಬೇಕು. ತಡ ಆದ್ರೆ ದಿನಕ್ಕಿಷ್ಟು ಅಂತ ನಷ್ಟ ಕಟ್ಟಿಸ್ಕೋತಾರೆ. ಅಗ್ರಿಮೆಂಟಲ್ಲೇ ಬರ್ದಿದೆ."

ಗೇರು ತಲುಪಿತೆಂದು ಚಲನ್‌ಗೆ ಸಹಿ ಹಾಕಿಕೊಟ್ಟೆ. ಹೊಸ ಸಿಎನ್‌ಸಿ ಲೇತ್ ನೋಡಲು ಬನ್ನಿ ಎಂದ. ಹೋಗುವುದಿಲ್ಲ.

ಮಾರ್ಚ್ 6

ಹೋದೆ. ಗಾಜಿನ ಬಾಗಿಲು... ಬಟನ್ ಒತ್ತಿದರೆ ಸಾಕು. ಮಾವನವರು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಶೆಡ್ಡಿಗೆ ಹದಿನೆಂಟು ವರ್ಷದಲ್ಲಿ ಒಮ್ಮೆ ಬಂದಿದ್ದಾರೆ. ಸೆಕೆ ಎಂದು ವಾಪಸು ಹೋದರು. ಹೆಂಡತಿ ದಾರಿಯುದ್ದಕ್ಕೂ, "ನೋಡಿದ್ರಾ, ಎಷ್ಟು ಕ್ಲೀನಾಗಿಟ್ಕೊಂಡಿದಾನೆ!" ಹೊಟ್ಟೆ ಉರಿಯಿತು. ಹನ್ನೆರಡು ಗೇರನ್ನೂ ಆ ಉರಿಯಲ್ಲೇ ಕಾಯಿಸಬಹುದಿತ್ತು.

ಮಾರ್ಚ್ 9

ಗೇರು ಇನ್ನೂ ಮೂಲೆಯಲ್ಲೇ. ಮೇಲೆ ಗೋಣಿಚೀಲ ಹೊದಿಸಿದ್ದೇನೆ. ಷಡ್ಡಕ ಫೋನ್ ಮಾಡಿದ. "ಫರ್ನೇಸ್ ಕೈಕೊಟ್ಟಿದೆ ಕಣಪ್ಪ" ಎಂದೆ. ಅದು ಚೆನ್ನಾಗಿಯೇ ಉರಿಯುತ್ತಿತ್ತು. ಎರಡು ದಿನ ತಡವಾದರೆ ಏನು ಮಹಾ... ಅವನಿಗೂ ಸ್ವಲ್ಪ ಬಿಸಿ ತಟ್ಟಲಿ.

ಮಾರ್ಚ್ 27

ಬರೆಯಲು ಕೈ ಬಂದಿರಲಿಲ್ಲ. ಗೇರು ಫ್ಯಾಕ್ಟರಿ ಸೇರಿದ್ದು ಇಪ್ಪತ್ತನಾಲ್ಕಕ್ಕೆ. ಎರಡು ದಿನ ಎಂದುಕೊಂಡದ್ದು ಒಂಬತ್ತಾಯಿತು — ಕೆಟ್ಟಿದೆ ಎಂದ ಮೇಲೆ ರಿಪೇರಿಗೂ ಟೈಮ್ ತೋರಿಸಬೇಕಲ್ಲ. ಅಷ್ಟೂ ದಿನ ಅಲ್ಲಿ ಒಂದು ಲೈನು ನಿಂತಿತ್ತಂತೆ. ನಷ್ಟವೆಲ್ಲ ಷಡ್ಡಕನ ತಲೆಗೆ.

ಮ್ಯಾನೇಜರು, "ತಡ ಬೇರೆ ಕಡೆ ಆಗಿದ್ರೆ ಕಾಗದ ತೋರ್ಸಿ, ಬಿಟ್ಬಿಡ್ತೀವಿ" ಎಂದರಂತೆ. ಇವನು, "ತಪ್ಪು ನಂದೇ ಸಾರ್" ಎಂದನಂತೆ. ಹೆಂಡತಿ ಹೇಳುತ್ತಾ ಕಣ್ಣೊರೆಸಿಕೊಂಡಳು. "ಎಂಥಾ ಒಳ್ಳೇ ಮನುಷ್ಯ!"

ಅದಕ್ಕೂ ಹೊಟ್ಟೆಕಿಚ್ಚು. ಸೋತರೂ ಹೆಸರು ಅವನಿಗೇ.

ಏಪ್ರಿಲ್ 2

ನಷ್ಟ ಕಟ್ಟಲು ಲೇತ್ ಮಾರುತ್ತಾನೆ. "ಹೊರಗಿನವ್ರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ ಭಾವ. ನೀವೇ ತಗೊಳ್ಳಿ."

ಹೂಂ ಎಂದೆ. ನಾಚಿಕೆಯಾಗಬೇಕಿತ್ತು. ಅಳತೆ ಟೇಪು ಹುಡುಕಿದೆ.

ಏಪ್ರಿಲ್ 5, ಮಧ್ಯಾಹ್ನ 3

ಲಾರಿ ಬಾಗಿಲಲ್ಲಿದೆ. ಲೇತಿನ ಟೂಲ್ ಡ್ರಾಯರನ್ನು ಅವನೇ ಮೊದಲು ಒಳಗೆ ತಂದಿಟ್ಟು ಹೋದ. ಎಳೆದೆ. ಸ್ಪ್ಯಾನರುಗಳ ಕೆಳಗೆ ಆ ಚಲನ್. ಹನ್ನೆರಡು ಗೇರು, ಮಾರ್ಚ್ 4, ನನ್ನ ಸಹಿ. ಕೆಳಗೆ ಪೆನ್ಸಿಲಿನಲ್ಲಿ ಅವನ ಅಕ್ಷರ: "9ನೇ ತಾರೀಖು. ಕಿಟಕಿಯಿಂದ ನೋಡಿದೆ. ಫರ್ನೇಸ್ ಉರೀತಿದೆ."

ಗೊತ್ತಿತ್ತು. ಕಾಗದವೂ ಕೈಯಲ್ಲಿತ್ತು. ತೋರಿಸಲಿಲ್ಲ.

"ಭಾವ, ಎಲ್ಲಿ ಇಳಿಸ್ಲಿ?" ಹೊರಗಿಂದ ಕೂಗುತ್ತಿದ್ದಾನೆ.

ಮೂಲೆ ಅಳೆದಿಟ್ಟಿದ್ದೇನೆ — ಗೇರು ಇಟ್ಟಿದ್ದ ಮೂಲೆಯೇ. ಇಳಿಸಬೇಡ ಎನ್ನಬೇಕು. ಈ ಚಲನ್ ಹಿಡಿದು ನಾನೇ ಫ್ಯಾಕ್ಟರಿಗೆ ಹೋಗಬೇಕು. ಹೋಗುತ್ತೇನೆ. ಇವತ್ತೇ. ಒಂದೇ ಒಂದು ಸಲ ಬಟನ್ ಒತ್ತಿ ನೋಡಿ, ಆಮೇಲೆ—