ರೋಮಿನ ಸೊಪ್ಪು, ನಮ್ಮೂರ ಎರೆಮಣ್ಣು

ದುರ್ಗದಬೈಲ್, ಹುಬ್ಬಳ್ಳಿ
ಮಂಗಳವಾರ

ಅಣ್ಣಾ,

ನೀನು ಬೆಳೆದು ಕಳಿಸಿದ ರೋಮೈನ್ ಎಂಬ ಸಲಾಡ್ ಸೊಪ್ಪನ್ನು ಇವತ್ತು ರೋಮ್‌ನಿಂದ ತರಿಸಿದ್ದೆಂದು ಹೇಳಿ ಮಾರಿದೆ. ನಮ್ಮೂರಿನದೆಂದರೆ ನಾನು ಬಂದು ಹದಿನೈದೇ ದಿನವಾದ ಈ ಹೊಸ ಪೇಟೆಯಲ್ಲಿ ಕೀಳಾಗಿ ಕಾಣುತ್ತಾರೆಂದು ಅಂಜಿದ್ದೆ. ಸುಳ್ಳು ಹಿಡಿದವರು ನಿವೃತ್ತ ಶಿಕ್ಷಕಿ ಪ್ರಭಾವತಿಬಾಯಿ. ಬುಡಕ್ಕೆ ಅಂಟಿದ್ದ ನಮ್ಮ ಕಡೆಯ ಕಪ್ಪು ಎರೆಮಣ್ಣನ್ನು ಗಿರಾಕಿಗಳಿಗೆಲ್ಲ ತೋರಿಸಿದರು.

"ರೋಮಿನ ಕಡಿಂದ ಬಂತಂತ ಫ್ರಾನ್ಸಿನ ಮಂದಿ ಇದಕ್ಕ ಆ ಹೆಸರಿಟ್ರವಾ. ಈ ತಪ್ಪಲ ಪಲ್ಯಾ ಇನ್ನೂ ಆ ಊರಿನ ಹೆಸರು ಬಿಟ್ಟಿಲ್ಲ. ನೀ ಹದಿನೈದ ದಿನದಾಗ ನಿಮ್ಮೂರ ಹೆಸರು ಬಿಟ್ಯೇನು?" ಎಂದರು.

ಬೆಳೆದವರು ಯಾರೆಂದು ಕೇಳಿದಾಗಲೂ ನಿನ್ನ ಹೆಸರು ಹೇಳಲಿಲ್ಲ. ಬೇರೆಯವರಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ನನ್ನ ಜ್ವರದ ಚಿಂತೆ ಬೇಡ, ಬಿಟ್ಟಿದೆ. ಗುರುವಾರ ನಿನ್ನ ಮುಂದಿನ ಬುಟ್ಟಿ ಬರುತ್ತದೆ. ಅದರ ಮೇಲೆ ನಿನ್ನ ಹೆಸರು, ಊರು ಬರೆದು ಇಡುತ್ತೇನೆ.

ತಂಗಿ ಕಾಳವ್ವ