ಜಾಹೀರಾತಿನ ಅಬ್ಬರ, ಲೋಟದ ಸದ್ದು

ರೀ,

ಅಂಗನವಾಡಿ ತರಬೇತಿಗೆ ಸೊರಬಕ್ಕೆ ಹೊರಟೆ, ಸಂಜೆ ಬಸ್ಸಿಗೆ ಬರುತ್ತೇನೆ. ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಅತ್ತೆಗೆ ಮೆತ್ತಗೆ ಕಲಸಿ ಕೊಡಿ.

ವಾರ್ತೆಗಿಂತ ಜಾಹೀರಾತಿನ ಸದ್ದೇ ಜೋರು, ಸರ್ಕಾರ ಕಡಿವಾಣ ಹಾಕಬೇಕು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೀರಿ. ಪಾಪದ ಕೇಬಲ್‌ನವನ ಮೇಲೂ ಹರಿಹಾಯ್ದಿರಿ. ರಿಮೋಟ್ ಯಾರ ಕೈಯಲ್ಲಿತ್ತು? ಸೋಪಿನ ಜಾಹೀರಾತು ಬೊಬ್ಬೆ ಹೊಡೆಯುವಾಗ ಒಂದು ಗುಂಡಿ ಒತ್ತಲಿಕ್ಕೂ ಸರ್ಕಾರವೇ ಬರಬೇಕಾ?

ನಿನ್ನೆ ನಾನು ಬರುವಾಗ ಟಿವಿ ಬೀದಿಗೇ ಕೇಳುತ್ತಿತ್ತು. ನೀವು ಅದರ ಮುಂದೆ ಕೂತೇ ಇದ್ದಿರಿ. ಒಳಕೋಣೆಯಲ್ಲಿ ನಿಮ್ಮಮ್ಮ ನೀರಿಗಾಗಿ ಮಂಚಕ್ಕೆ ಲೋಟ ಬಡಿದು ಬಡಿದು, ಕೈ ಸೋತು ಸುಮ್ಮನಾಗಿದ್ದರು. ತುಟಿ ಒಣಗಿಹೋಗಿತ್ತು. ನಿಮ್ಮ ಮೇಲೆ ಕೂಗಾಡಲು ಹೊರಟವಳ ಕೈ ಹಿಡಿದು, "ಬಿಡೇ ಮಾರಾಯ್ತಿ, ಆ ಗಲಾಟೇಲಿ ಅವನಿಗೆ ಹ್ಯಾಂಗೆ ಕೇಳ್ಬೇಕು, ಪಾಪ" ಅಂದರು. ಅವರ ಮುಖ ನೋಡಿ ನಿನ್ನೆ ಬಾಯಿ ಮುಚ್ಚಿಕೊಂಡೆ. ಇವತ್ತು ಆಗುವುದಿಲ್ಲ.

ರಿಮೋಟ್ ಹುಡುಕಬೇಡಿ, ಅತ್ತೆಯ ದಿಂಬಿನ ಕೆಳಗಿದೆ. ಸದ್ದು ಏರಿಸಬೇಕಾದರೂ ಇಳಿಸಬೇಕಾದರೂ ಅವರ ಹತ್ತಿರ ಹೋಗಿ ಕೇಳಿ.

ಹೋಗುವಾಗ ಕೈಯಲ್ಲಿ ಒಂದು ಲೋಟ ನೀರು ಇರಲಿ.

ನಾಗವೇಣಿ